ನೆಲನೆಲ್ಲಿ, ಕಾಮಾಲೆ ಮತ್ತು ಸುಂಡಿಲಿಯ ರಕ್ತ

ದೊಡ್ಡಬಳ್ಳಾಪುರದ ಸುತ್ತಿನ ರಾಗಿ ಹೊಲಗಳ ಬದುಗಳಲ್ಲಿ ಮಳೆ ಬಿದ್ದೊಡನೆ ಏಳುವ ನೆಲನೆಲ್ಲಿಯನ್ನು ಅರೆದು, ಹಾಲಿನಲ್ಲೋ ಮಜ್ಜಿಗೆಯಲ್ಲೋ ಕಲಸಿ ಕಾಮಾಲೆಗೆ ಕೊಡುವ ರೂಢಿ ಕರ್ನಾಟಕದ ಹಳ್ಳಿಗಳಲ್ಲಿ ಹಳೆಯದು. ಕಣ್ಣಿನ ಹಳದಿ ಇಳಿದರೆ ಮದ್ದು ನಾಟಿತೆಂದೇ ಲೆಕ್ಕ. ಆದರೆ ಕಲುಷಿತ ನೀರಿನಿಂದ ಬರುವ ಹೆಪಟೈಟಿಸ್ ‘ಎ’ ಮತ್ತು ‘ಇ’ ಬಹುಮಟ್ಟಿಗೆ ತಾವಾಗಿಯೇ ವಾಸಿಯಾಗುತ್ತವೆ. ರಕ್ತದಿಂದ, ಲೈಂಗಿಕ ಸಂಪರ್ಕದಿಂದ, ಹೆರಿಗೆಯ ವೇಳೆ ತಾಯಿಯಿಂದ ಮಗುವಿಗೆ ಹರಡುವ ‘ಬಿ’ ವೈರಸ್ ಮಾತ್ರ ಹಳದಿ ಇಳಿದ ಮೇಲೂ, ಕೆಲವರಲ್ಲಿ ಹಳದಿ ಕಾಣಿಸಿಕೊಳ್ಳದೆಯೂ, ಯಕೃತ್ತಿನಲ್ಲಿ ದಶಕಗಟ್ಟಲೆ ಉಳಿಯಬಲ್ಲದು.

ಅದರ ಇರವನ್ನು ತಿಳಿಸುವುದು ರಕ್ತದಲ್ಲಿ ಸಿಗುವ ಗುರುತುಗಳು, ಎಂದರೆ ಮಾರ್ಕರ್‌ಗಳು. ಇವುಗಳಲ್ಲಿ ಮುಖ್ಯವಾದದ್ದು ವೈರಸ್‌ನ ಹೊರಕವಚದ ಪ್ರೋಟೀನಾದ ಮೇಲ್ಮೈ ಪ್ರತಿಜನಕ. ಇದನ್ನು 1960ರ ದಶಕದಲ್ಲಿ ಗುರುತಿಸಿದ ಬರೂಕ್ ಬ್ಲಂಬರ್ಗ್ 1976ರಲ್ಲಿ ನೊಬೆಲ್ ಪ್ರಶಸ್ತಿ ಪಡೆದರು. ಮದರಾಸಿನ ಎಸ್. ಪಿ. ತ್ಯಾಗರಾಜನ್ ಮತ್ತು ಸಂಗಡಿಗರು 1988ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಯೋಗ ಹೆಸರಾದದ್ದೂ ಈ ಗುರುತಿನಿಂದಲೇ: ನೆಲನೆಲ್ಲಿಯ ಪುಡಿಯನ್ನು 30 ದಿನ ಸೇವಿಸಿದ 37 ಮಂದಿಯಲ್ಲಿ 22 ಮಂದಿಯ ರಕ್ತದಿಂದ ಈ ಪ್ರತಿಜನಕ ಮರೆಯಾಯಿತೆಂದೂ, ಹುಸಿಮದ್ದು ಪಡೆದ 23 ಮಂದಿಯಲ್ಲಿ ಒಬ್ಬರಲ್ಲಿ ಮಾತ್ರ ಹಾಗಾಯಿತೆಂದೂ ಅದು ವರದಿ ಮಾಡಿತು. ಥಾಯ್ಲೆಂಡ್, ನ್ಯೂಜಿಲೆಂಡ್‌ಗಳಲ್ಲಿ ನಡೆದ ಪ್ರಯೋಗಗಳಲ್ಲಿ ಅಂಥ ಫಲ ಕಾಣಲಿಲ್ಲ.

ಇಂಥ ಗೊಂದಲ ಬಿಡಿಸಲು ಸುಂಡಿಲಿಯ ಮೊರೆ ಹೋಗೋಣವೆಂದರೆ ಈ ವೈರಸ್ ಸುಂಡಿಲಿಗೆ ತಗಲುವುದೇ ಇಲ್ಲ. ಯಕೃತ್ತಿನ ಜೀವಕೋಶದೊಳಗೆ ನುಗ್ಗಲು ಅದಕ್ಕೆ ಬಾಗಿಲಾಗುವ, 2012ರಲ್ಲಿ ಪತ್ತೆಯಾದ ಎನ್‌ಟಿಸಿಪಿ ಎಂಬ ಪ್ರೋಟೀನು ಸುಂಡಿಲಿಯಲ್ಲಿ ತುಸು ಬೇರೆ ರೂಪದಲ್ಲಿದೆ. ಹೀಗಾಗಿ 1980ರ ದಶಕದಲ್ಲಿ ವೈರಸ್‌ನ ಜೀನುಗಳನ್ನು ಭ್ರೂಣದ ಹಂತದಲ್ಲೇ ಸೇರಿಸಿದ ತಳಿಗಳನ್ನು ಬೆಳೆಸಲಾಯಿತು. ಮುಂದೆ, ವೈರಸ್‌ನ ಡಿಎನ್‌ಎ ಬೆರೆಸಿದ ದ್ರವವನ್ನು ಬಾಲದ ರಕ್ತನಾಳಕ್ಕೆ ಕೆಲವೇ ಸೆಕೆಂಡುಗಳಲ್ಲಿ ರಭಸದಿಂದ ಚುಚ್ಚುವ ವಿಧಾನವೂ ಬಂತು.

ಸುಂಡಿಲಿಯ ಮೈಯಲ್ಲಿರುವ ರಕ್ತವೆಲ್ಲ ಸೇರಿದರೂ ಎರಡು ಮಿಲಿಲೀಟರ್ ಮುಟ್ಟುವುದು ಕಷ್ಟ. ಅದರಲ್ಲಿ ಕೆಲವು ಹನಿ ತೆಗೆದು, ಸೀರಮ್ಮನ್ನು ತೆಳುಮಾಡಿ, ಪ್ರತಿಕಾಯ ಲೇಪಿಸಿದ ಪುಟ್ಟ ಗುಳಿಗಳಿಗೆ ಹಾಕುತ್ತಾರೆ; ಪ್ರತಿಜನಕವಿದ್ದರೆ ಅದು ಅಲ್ಲಿ ಅಂಟಿಕೊಳ್ಳುತ್ತದೆ, ಕಿಣ್ವ ಹೊತ್ತ ಎರಡನೆಯ ಪ್ರತಿಕಾಯ ಅದರ ಮೇಲೆ ಕೂತು ಬಣ್ಣ ಬರಿಸುತ್ತದೆ. ಇದು ಎಲೈಸಾ. ಡಿಎನ್‌ಎಯನ್ನು ಹಲವು ಪಟ್ಟು ಹೆಚ್ಚಿಸಿ ಅಳೆಯುವ ಪಿಸಿಆರ್ ಇನ್ನೂ ಸೂಕ್ಷ್ಮ, ಆದರೆ ಅಷ್ಟೇ ಮೋಸಗಾರ: ಚುಚ್ಚಿದ ಡಿಎನ್‌ಎಯನ್ನೇ ಹೊಸದಾಗಿ ಹುಟ್ಟಿದ ವೈರಸ್ ಎಂದು ಅದು ತೋರಿಸಬಲ್ಲದು. ಜೀನು ಸೇರಿಸಿದ ತಳಿಯ ತೊಡಕು ಬೇರೆ. ಅಲ್ಲಿ ಪ್ರತಿ ಜೀವಕೋಶದಲ್ಲೂ ವೈರಸ್‌ನ ಜೀನು ಹುಟ್ಟಿನಿಂದಲೇ ಇರುವುದರಿಂದ, ಗುರುತು ಪೂರ್ತಿ ಅಳಿಯಿತೇ ಎಂದು ಕೇಳಲಾಗದು, ಎಷ್ಟು ತಗ್ಗಿತು ಎಂದಷ್ಟೇ ಕೇಳಬಹುದು.

ತ್ಯಾಗರಾಜನ್ ಅವರೂ ಪಾಲ್ಗೊಂಡು 1996ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ನೆಲನೆಲ್ಲಿ ಪಡೆದ ಅಂಥ ಸುಂಡಿಲಿಗಳ ಯಕೃತ್ತಿನಲ್ಲಿ ಮೇಲ್ಮೈ ಪ್ರತಿಜನಕದ ಸಂದೇಶವಾಹಕ ಆರ್‌ಎನ್‌ಎ ತಗ್ಗಿದ್ದು ಕಂಡುಬಂತು. ಗಮನಿಸಬೇಕಾದ ಫಲವೇ ಸರಿ. ಆದರೆ ಮನುಷ್ಯನ ಜೀವಕೋಶದ ಕೇಂದ್ರದಲ್ಲಿ ವೈರಸ್ ತನ್ನ ಡಿಎನ್‌ಎಯನ್ನು ಮುಚ್ಚಿದ ಉಂಗುರದ ರೂಪದಲ್ಲಿ ಅಡಗಿಸಿಡುತ್ತದೆ, ಸೋಂಕು ಮತ್ತೆ ಮತ್ತೆ ಚಿಗುರುವುದು ಅದರಿಂದಲೇ. ಈ ತಳಿಯ ಸುಂಡಿಲಿಗಳಲ್ಲಿ ಆ ಉಂಗುರ ಸಾಮಾನ್ಯವಾಗಿ ಸಿಗುವುದಿಲ್ಲವಾದ್ದರಿಂದ, ಮದ್ದು ಅದನ್ನು ಮುಟ್ಟುತ್ತದೆಯೇ ಎಂದು ನೋಡಲು, ಪ್ರತಿರೋಧ ಶಕ್ತಿ ಕುಂದಿಸಿ ಮನುಷ್ಯರ ಯಕೃತ್ತಿನ ಜೀವಕೋಶಗಳನ್ನೇ ಕಸಿ ಮಾಡಿದ ಸುಂಡಿಲಿಗಳು ಬೇಕಾಗುತ್ತವೆ.