ನಿದ್ರಿಸುವ ಗಣಕವೂ ತಪ್ಪದ ಗಡಿಯಾರವೂ

ನಮ್ಮ ಶಾಲೆಯಲ್ಲಿ ಓದಿ ಹೋದ ಹೆಣ್ಣುಮಕ್ಕಳಲ್ಲಿ ಹಲವರು ಈಗ ಬೆಂಗಳೂರಿನ ಗಣಕ ಕಾರ್ಯಾಲಯಗಳಲ್ಲಿ ‘ವರ್ಚುವಲ್ ಮೆಷೀನ್’ ಎಂಬವುಗಳ ಮೇಲ್ವಿಚಾರಣೆ ಮಾಡುತ್ತಿರುವರು. ಮಗಳ ಉದ್ಯೋಗವೇನೆಂದು ನೆರೆಹೊರೆಯವರು ಕೇಳಿದಾಗ ಉತ್ತರ ಹೇಳಲು ತಡವರಿಸುವ ತಾಯಿತಂದೆಗಳಿಗಾಗಿ, ಆ ಕೆಲಸದ ಒಂದು ಭಾಗವನ್ನು ಇಲ್ಲಿ ವಿವರಿಸಲಾಗಿದೆ.

ಒಂದು ದೊಡ್ಡ ಗಣಕಯಂತ್ರದೊಳಗೆ ಹಲವು ಗಣಕಗಳು ಬೇರೆ ಬೇರೆಯಾಗಿ ಇರುವಂತೆ ತೋರುವ ಏರ್ಪಾಡಿಗೆ ಈ ಹೆಸರು. ಒಂದೇ ವಠಾರದ ಸಂಸಾರಗಳು ಒಂದೇ ಬಾವಿಯಿಂದ ಸರದಿಯ ಮೇಲೆ ನೀರು ಸೇದಿಕೊಳ್ಳುವಂತೆ, ಇವೆಲ್ಲವೂ ಒಂದೇ ಪ್ರೊಸೆಸರನ್ನು ಸರದಿಯಿಂದ ಬಳಸುವುವು. ಆದರೆ ಪ್ರತಿಯೊಂದೂ ಬಾವಿಯೆಲ್ಲ ತನ್ನದೇ ಎಂದು ಭಾವಿಸಿರುವುದು. ತೊಡಕು ಹುಟ್ಟುವುದು ಇಲ್ಲಿಯೇ.

ಹಿಂದಿನ ಪದ್ಧತಿಯಲ್ಲಿ ಗಣಕವು ಹೊತ್ತನ್ನು ಎಣಿಕೆಯಿಂದ ಅರಿಯುತ್ತಿತ್ತು. ಸೆಕೆಂಡಿಗೆ 100, 250 ಅಥವಾ 1000 ಸಾರಿ ಒಂದು ಮಿಡಿತವು ಅದನ್ನು ತಟ್ಟುವುದು. ಮಿಡಿತಗಳನ್ನು ಕೂಡಿಸಿದರೆ ಕಾಲ. ಸರದಿಗಾಗಿ ಕಾದಿರುವ ಗಣಕಕ್ಕೆ ಕೆಲವು ಮಿಡಿತಗಳು ತಲುಪದೆ ಹೋಗುವುವು. ಅದರ ಗಡಿಯಾರವು ತಾನರಿಯದೆಯೇ ಹಿಂದೆ ಬೀಳುವುದು.

ಸೆಕೆಂಡೊಂದು ತಪ್ಪಿದರೇನು ಎನ್ನಬಹುದು. 1960ರ ದಶಕದಿಂದ ಭೂಕಂಪನಗಳನ್ನು ದಾಖಲಿಸುತ್ತ ಬಂದಿರುವ ನಮ್ಮ ಗೌರಿಬಿದನೂರಿನ ಕೇಂದ್ರವನ್ನೇ ನೋಡಿರಿ. ಕಲ್ಲಿನೊಳಗೆ ಕಂಪನದ ಮೊದಲನೆಯ ಅಲೆಯು ಸೆಕೆಂಡಿಗೆ ಸುಮಾರು 6 ಕಿಲೋಮೀಟರು ಓಡುವುದು. ಕಾಲದಲ್ಲಿ ಸೆಕೆಂಡು ತಪ್ಪಿದರೆ ಸ್ಥಳವು ಕಿಲೋಮೀಟರುಗಟ್ಟಲೆ ತಪ್ಪುವುದು. ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಂತೆ ಗಣಕದಲ್ಲಿ ಹರಾಜು ನಡೆಯುವೆಡೆ, ಕೊನೆಯ ಗಳಿಗೆಯ ಕೂಗು ಅವಧಿಯೊಳಗೆ ಬಂದಿತೋ ಇಲ್ಲವೋ ಎಂಬುದನ್ನು ಗಡಿಯಾರವೇ ತೀರ್ಮಾನಿಸಬೇಕು; ರೈತನ ದುಡಿಮೆಗೆ ಸಿಕ್ಕುವ ಬೆಲೆ ಅದರ ಮೇಲೆ ನಿಂತೀತು. 2022ರ ಏಪ್ರಿಲಿನಲ್ಲಿ ಭಾರತ ಸರ್ಕಾರದ ಸಂಸ್ಥೆಯೊಂದು, ಗಣಕಗಳ ಗಡಿಯಾರಗಳನ್ನು ರಾಷ್ಟ್ರೀಯ ಕಾಲಮಾನಕ್ಕೆ ಹೊಂದಿಸಿರಬೇಕೆಂದು ನಿರ್ದೇಶಿಸಿತು.

ಇನ್ನೊಂದು ಕಡೆ ಮಿತವ್ಯಯದ ಪ್ರಶ್ನೆ. ಕೆಲಸವೇ ಇಲ್ಲದ ಗಣಕವೂ ಮಿಡಿತವನ್ನು ಎಣಿಸುವುದಕ್ಕಾಗಿಯೇ ಎಚ್ಚರಗೊಳ್ಳಬೇಕು. 100 ಗಣಕಗಳು ಸುಮ್ಮನಿದ್ದರೂ, 250ರ ಲೆಕ್ಕದಲ್ಲಿ, ಸೆಕೆಂಡಿಗೆ 25,000 ಸಲ ವೃಥಾ ಎಚ್ಚರ! ಐ.ಬಿ.ಎಂ. ಮಹಾಯಂತ್ರಗಳಲ್ಲಿ ನೂರಾರು ಲಿನಕ್ಸ್‌ಗಳನ್ನು ಒಟ್ಟಿಗೆ ನಡೆಯಿಸುತ್ತಿದ್ದವರಿಗೆ ಇದು ಮೊದಲು ಕಣ್ಣಿಗೆ ಬಿತ್ತು. ಅವರಲ್ಲಿ ಮಾರ್ಟಿನ್ ಶ್ವಿಡೆಫ್ಸ್ಕಿ ಎಂಬವರು 2001ರಲ್ಲಿ ಮಿಡಿತವನ್ನೇ ಬಿಡುವ ಸಲಹೆಯನ್ನು ಮುಂದಿಟ್ಟರು. 2007ರ ಲಿನಕ್ಸ್ 2.6.21ರಿಂದ ಸಾಮಾನ್ಯ ಗಣಕಗಳಿಗೂ ಆ ಅನುಕೂಲ ದೊರೆಯಿತು.

ಹೊಸ ಕ್ರಮವು ಸರಳ. ಎಣಿಸುವುದನ್ನು ಬಿಟ್ಟು, ಎದ್ದಾಗ ಆತಿಥೇಯ ಯಂತ್ರದ ನಿಜವಾದ ಗಡಿಯಾರವನ್ನು ನೋಡುವುದು. ಮುಂದಿನ ಕೆಲಸದ ಹೊತ್ತಿಗೆ ಎಬ್ಬಿಸೆಂದು ಹೇಳಿ ಮಲಗುವುದು. ಹತ್ತು ಮಂದಿ ಕನ್ಯೆಯರ ಸಾಮ್ಯವನ್ನು ಬಲ್ಲವರು ಜ್ಞಾಪಿಸಿಕೊಳ್ಳಲಿ: ಅಲ್ಲಿ ಬುದ್ಧಿವಂತೆಯರೂ ನಿದ್ರಿಸಿದರು, ಎಣ್ಣೆ ಮಾತ್ರ ಅವರಲ್ಲಿತ್ತು.

ಆದರೂ ಎಚ್ಚರಗೊಳ್ಳುವುದಕ್ಕೆ ಕೊಂಚ ಹೊತ್ತು ಹಿಡಿಯುವುದು. ಕರೆ ಆಗಲೇ ಬರಬಹುದೆಂದು, ಲಿನಕ್ಸ್‌ನ ಕೆ.ವಿ.ಎಂ. ಎಂಬ ಏರ್ಪಾಡಿನಲ್ಲಿ ಪ್ರೊಸೆಸರು ಮಲಗುವ ಮುಂಚೆ ಅಲ್ಪಕಾಲ ಕಣ್ತೆರೆದು ಕಾಯುವುದುಂಟು. ಸಾಧಾರಣವಾಗಿ ಅದರ ಮಿತಿ ಸೆಕೆಂಡಿನ 5000ದಲ್ಲೊಂದು ಪಾಲು. ಈ ಮಿತಿಯನ್ನು ಹೆಚ್ಚಿಸಿದರೆ ಉತ್ತರ ಬೇಗ ಸಿಕ್ಕುವುದು, ವಿದ್ಯುತ್ತು ಹೆಚ್ಚು ವ್ಯಯವಾಗುವುದು, ತಗ್ಗಿಸಿದರೆ ವಿಪರ್ಯಯ. ಯಾವ ಕೆಲಸಕ್ಕೆ ಎಷ್ಟೆಂಬುದನ್ನು ಅಳೆದು ನೋಡಿ ಗೊತ್ತುಮಾಡುವ ಹೊಣೆಯು ಬೆಂಗಳೂರಿನ ಆ ನಮ್ಮ ಹುಡುಗಿಯರದು.