ಕೆರೆಯ ದಂಡೆಯ ಹಿರಿಯೂರು ಬೇಗೂರು

ವಿಲ್ಸನ್ ಗಾರ್ಡನ್ನಿನಿಂದ ಹೊಸೂರು ರಸ್ತೆ ಹಿಡಿದು, ಬೊಮ್ಮನಹಳ್ಳಿಯಲ್ಲಿ ಬಲಕ್ಕೆ ತಿರುಗಿದರೆ ಬೇಗೂರು ದೊರೆಯುತ್ತದೆ. ವಿಶಾಲವಾದ ಕೆರೆ, ಹಳೆಯ ಮಣ್ಣಿನ ಕೋಟೆಯ ಗುರುತು, ನಾಗೇಶ್ವರ ದೇವಾಲಯ: ಇವುಗಳಿಂದ ಇದು ಬೆಂಗಳೂರು ಪೇಟೆಗಿಂತ ಎಷ್ಟೋ ಶತಮಾನ ಹಿರಿದಾದ ಊರೆಂಬುದು ವ್ಯಕ್ತವಾಗುತ್ತದೆ.

ಗಂಗರ ಕಾಲದಲ್ಲಿ ಇದರ ಹೆಸರು ಬೆಂಪೂರು. ಹನ್ನೆರಡು ಹಳ್ಳಿಗಳ ನಾಡಿಗೆ ಇದೇ ಮುಖ್ಯಸ್ಥಾನ. ಇಲ್ಲಿನ ನಾಗತ್ತರನೆಂಬ ವೀರನು ಅರಸ ಎರೆಯಪ್ಪನ ಆಜ್ಞೆಯಂತೆ ಅಯ್ಯಪದೇವನ ನೆರವಿಗೆ ತೆರಳಿ, ವೀರಮಹೇಂದ್ರನೊಡನೆ ತುಂಬೇಪಾಡಿಯಲ್ಲಿ ಕಾದಿ ಮಡಿದನು. ಅರಸನು ಇರುಗನಿಗೆ ನಾಗತ್ತರನ ಪಟ್ಟವನ್ನು ಕಟ್ಟಿ, ಬೆಂಪೂರು ಹನ್ನೆರಡನ್ನು ಕೊಟ್ಟನು. ಆನೆ, ಕುದುರೆ, ಕಾಲಾಳುಗಳ ಕಾಳಗವನ್ನು ಕಂಡರಿಸಿದ ಆ ವೀರಗಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಸೇರಿದೆ. ನಾಗತ್ತರನ ಮನೆತನ ಶಿವಾಲಯಕ್ಕೆ ನಡೆದುಕೊಂಡಿತು. ಅವನ ಮಗಳು ತೊಂಡಬ್ಬೆಯಾದರೋ ಜೈನ ವಿಧಿಯಂತೆ ಸಲ್ಲೇಖನದಿಂದ ದೇಹವಿಟ್ಟಳು. ಒಂದೇ ಮನೆಯಲ್ಲಿ ಎರಡು ಮಾರ್ಗಗಳಿಗೆ ಎಡೆಯಿದ್ದುದು ಗಮನಾರ್ಹ.

ದೇವಾಲಯದ ಆವರಣದಲ್ಲಿ ದೊರೆತ ಇನ್ನೊಂದು ವೀರಗಲ್ಲು ಗಾತ್ರದಲ್ಲಿ ಚಿಕ್ಕದು, ಮಹತ್ತ್ವದಲ್ಲಿ ಹಿರಿದು. ಸುಮಾರು ಕ್ರಿ.ಶ. 890ರ ಈ ಕಲ್ಲು ‘ಬೆಂಗಳೂರು ಕಾಳಗ’ವನ್ನು ಹೆಸರಿಸುತ್ತದೆ. ಇದನ್ನು ಬೆಳಕಿಗೆ ತಂದವರು ಆರ್. ನರಸಿಂಹಾಚಾರ್ಯರು. ಹೊಯ್ಸಳ ವೀರಬಲ್ಲಾಳನಿಗೆ ಮುದುಕಿಯೊಬ್ಬಳು ಬೆಂದಕಾಳು ಕೊಟ್ಟುದರಿಂದ ಬೆಂಗಳೂರೆಂಬ ಹೆಸರಾಯಿತೆಂಬ ಕಥೆಯನ್ನು ನಾವೆಲ್ಲ ಮಕ್ಕಳಿಗೆ ಹೇಳುತ್ತೇವೆ. ಬಲ್ಲಾಳನು ಪಟ್ಟವೇರಿದ್ದು 1173ರಲ್ಲಿ. ಕಲ್ಲಾದರೋ ಅದಕ್ಕೂ ಮುನ್ನೂರು ವರ್ಷಗಳಷ್ಟು ಹಿಂದಿನದು. ಕಥೆ ಸೊಗಸಾಗಿದೆ, ಇರಲಿ. ಕಲ್ಲಿನ ಮಾತನ್ನೂ ಮಕ್ಕಳಿಗೆ ತಿಳಿಸಬೇಕು.

ಗಂಗರ ತರುವಾಯ ಚೋಳರು ಬಂದರು. ಚೋಳೇಶ್ವರನ ಗುಡಿ ಅವರ ನೆನಪು. 1116ರ ಸುಮಾರಿಗೆ ವಿಷ್ಣುವರ್ಧನನು ತಲಕಾಡನ್ನು ಗೆದ್ದ ಮೇಲೆ ನಾಡು ಹೊಯ್ಸಳರದಾಯಿತು, ಆಮೇಲೆ ವಿಜಯನಗರದವರದು. 1537ರಲ್ಲಿ ಕೆಂಪೇಗೌಡರು ಬೆಂಗಳೂರು ಕೋಟೆಯನ್ನು ಕಟ್ಟಿಸಿದ ಬಳಿಕ ಹಿರಿಮೆಯೆಲ್ಲ ಅತ್ತ ಸರಿಯಿತು. ಅರಸರು ಬದಲಾದಂತೆ ಹಳೆಯ ಗುಡಿಯನ್ನು ಕೆಡಹದೆ ಅದರ ಪಕ್ಕದಲ್ಲೇ ಹೊಸ ಗುಡಿ ಎದ್ದುದರಿಂದ, ಇಂದು ಒಂದೇ ಆವರಣದಲ್ಲಿ ಪಂಚಲಿಂಗಗಳ ದರ್ಶನವಾಗುತ್ತದೆ.

ಕೆರೆಯ ಕಥೆ ಬೇರೆ. ಏರಿ, ತೂಬು, ಕೋಡಿಗಳನ್ನು ಕಾಯುವವರಿಗೆ ಆ ನೀರುಂಡ ಗದ್ದೆಯಲ್ಲೇ ಪಾಲು ಕೊಡುವ ‘ಬಿಟ್ಟುವಟ್ಟ’ ಪದ್ಧತಿ ಗಂಗರ ನಾಡಿನಲ್ಲಿತ್ತು. ಗದ್ದೆಗಳು ಬಡಾವಣೆಗಳಾದಾಗ ಆ ಕಾವಲೂ ಹೋಯಿತು.

ಕಾರ್ತಿಕ ಸೋಮವಾರದಂದು ಕುಟುಂಬ ಸಮೇತ ಹೋಗುವವರು ಶಾಸನದ ಕಲ್ಲುಗಳಿಗೆ ಎಣ್ಣೆ, ಅರಿಸಿನ, ಸುಣ್ಣ ಬಳಿಯದಿರಬೇಕು. ಅಕ್ಷರದ ಗೆರೆಗಳಲ್ಲಿ ಜಿಡ್ಡು ತುಂಬಿದರೆ ಓದಲು ಬಾರದು.