ಓಡುವ ಗುರಿಗೆ ಹೂಡುವ ಬಾಣ

ಮಕ್ಕಳು ಮೊಬೈಲಿನಲ್ಲಿ ಆಡುವ ಯುದ್ಧದ ಆಟಗಳನ್ನು ಕಂಡು ಮುಖ ಸಿಂಡರಿಸದ ಹೆತ್ತವರು ವಿರಳ. ಆ ಹುಚ್ಚಿನ ವಿಚಾರ ಇಲ್ಲಿ ಬೇಡ; ಅದರ ಕುರಿತು ಭಾಷಣಗಳು ಬೇಕಾದಷ್ಟು ಆಗಿವೆ. ಆದರೆ ಪರದೆಯ ಮೇಲೆ ಅತ್ತಿತ್ತ ಓಡುವ ಶತ್ರುವಿಗೆ ಬಾಣವೊಂದು ತಾನಾಗಿಯೇ ಗುರಿಯಿಟ್ಟು ತಾಗುತ್ತದಲ್ಲ, ಅದು ಹೇಗೆಂದು ವಿಚಾರಿಸಹೊರಟರೆ ಪ್ರೌಢಶಾಲೆಯ ಗಣಿತ ಪುಸ್ತಕವೇ ಎದುರು ಬಂದು ನಿಲ್ಲುತ್ತದೆ. "ಈ ವರ್ಗಸಮೀಕರಣದಿಂದ ಏನು ಪ್ರಯೋಜನ ಸರ್?" ಎಂಬ ಪ್ರಶ್ನೆ ಏಳದ ತರಗತಿ ಇಲ್ಲ. ಅದಕ್ಕೊಂದು ಉತ್ತರ ಇಲ್ಲಿದೆ.

1962ರಲ್ಲಿ ಅಮೆರಿಕದ ಎಂ.ಐ.ಟಿ. ಎಂಬ ಪ್ರಸಿದ್ಧ ವಿದ್ಯಾಸಂಸ್ಥೆಯಲ್ಲಿ ಸ್ಟೀವ್ ರಸೆಲ್ ಮತ್ತು ಸಂಗಡಿಗರು ಪಿ.ಡಿ.ಪಿ.-1 ಎಂಬ ಕಂಪ್ಯೂಟರಿಗೆ 'ಸ್ಪೇಸ್‌ವಾರ್' ಎಂಬ ಆಟವನ್ನು ರಚಿಸಿದರು. ನಡುವೆ ಒಂದು ನಕ್ಷತ್ರ, ಸುತ್ತ ಕಾದಾಡುವ ಎರಡು ನೌಕೆಗಳು. ನಕ್ಷತ್ರದ ಆಕರ್ಷಣೆ ನೌಕೆಗಳನ್ನು ಸೆಳೆಯುತ್ತಿತ್ತು. ಅವು ಹಾರಿಸಿದ ಟಾರ್ಪಿಡೋಗಳನ್ನು ಮಾತ್ರ ಮುಟ್ಟುತ್ತಿರಲಿಲ್ಲ. ಅಷ್ಟೊಂದು ಲೆಕ್ಕ ಮಾಡಲು ಆ ಯಂತ್ರಕ್ಕೆ ಪುರುಸೊತ್ತಿರಲಿಲ್ಲ! ಗುರಿಯಿಡುವ ಹೊಣೆ ಆಟಗಾರನದ್ದೇ ಆಗಿತ್ತು. ನೌಕೆಯ ಮೂತಿ ಎತ್ತ ಇದೆಯೋ ಅತ್ತ ಗುಂಡು.

ಅದೇ ಸಂಸ್ಥೆಯಿಂದ 2007ರಲ್ಲಿ ಮಕ್ಕಳಿಗಾಗಿ ಹೊರಬಂದ 'ಸ್ಕ್ರ್ಯಾಚ್' ಇಂದು ನಮ್ಮ ಪ್ರೌಢಶಾಲೆಗಳ ಲಿಟ್ಲ್ ಕೈಟ್ಸ್ ಮಕ್ಕಳಿಗೆ ಪರಿಚಿತ. ಅದರ ರಂಗಸ್ಥಳ 480 ಮಾನ ಅಗಲ, 360 ಮಾನ ಎತ್ತರ; ಚಿತ್ರ ಸೆಕೆಂಡಿಗೆ 30 ಬಾರಿ ಬದಲಾಗುತ್ತದೆ. ಅಲ್ಲಿ ಬಾಣವೆಂದರೆ ಕೆಲವು ಸಂಖ್ಯೆಗಳು ಮಾತ್ರ: ಎಲ್ಲಿದೆ, ಎತ್ತ ಮುಖ ಮಾಡಿದೆ, ಒಂದು ಚಿತ್ರಕ್ಕೆ ಎಷ್ಟು ಮುಂದೆ ಸಾಗಬೇಕು. ನಿಂತ ಶತ್ರುವಿನ ಕಡೆಗೆ ಬಾಣವನ್ನು ತಿರುಗಿಸುವುದಕ್ಕೆ ಒಂದೇ ಆಜ್ಞೆ ಸಾಕು. ಆದರೆ ಶತ್ರು ನಿಲ್ಲುವುದಿಲ್ಲವಲ್ಲ! ಈಗ ಅವನಿರುವ ಕಡೆಗೆ ಹೊಡೆದರೆ ಬಾಣ ತಲಪುವಾಗ ಅವನು ಅಲ್ಲಿರುವುದಿಲ್ಲ. ಓಡುವ ಹಂದಿಯ ಮೂತಿಗಿಂತ ಮುಂದಕ್ಕೆ ಕೋವಿ ಹಿಡಿಯಬೇಕೆಂದು ಬೇಟೆಗಾರನಿಗೆ ಯಾರೂ ಕಲಿಸಬೇಕಾಗಿಲ್ಲ. ಕಂಪ್ಯೂಟರಿಗಾದರೋ ಎಷ್ಟು ಮುಂದಕ್ಕೆ ಎಂಬುದನ್ನು ಲೆಕ್ಕದಲ್ಲೇ ಹೇಳಬೇಕು.

ಒಂದು ಉದಾಹರಣೆ ನೋಡೋಣ. ಕೆಳಗೆ ನಮ್ಮ ಫಿರಂಗಿ. ಅದರ ನೇರ ಮೇಲೆ 120 ಮಾನ ದೂರದಲ್ಲಿ ಶತ್ರು. ಚಿತ್ರವೊಂದಕ್ಕೆ 3 ಮಾನದಂತೆ ಬಲಕ್ಕೆ ಓಡುತ್ತಿದ್ದಾನೆ. ನಮ್ಮ ಗುಂಡಿನ ವೇಗ 5. ಎಷ್ಟು ಚಿತ್ರಗಳ ನಂತರ ಇಬ್ಬರೂ ಒಂದೇ ಕಡೆ ಸೇರುತ್ತಾರೆ? ಆ ಸಂಖ್ಯೆಯನ್ನು 'ಕ' ಎಂದಿಟ್ಟುಕೊಳ್ಳಿ. ಶತ್ರು ಅಡ್ಡಕ್ಕೆ 3ಕ ಓಡಿರುತ್ತಾನೆ, ಗುಂಡು 5ಕ ಸಾಗಿರುತ್ತದೆ. ಇಲ್ಲೊಂದು ಲಂಬಕೋನ ತ್ರಿಕೋನ ಆಯಿತು. 120ರ ವರ್ಗಕ್ಕೆ 3ಕದ ವರ್ಗವನ್ನು ಕೂಡಿಸಿದರೆ 5ಕದ ವರ್ಗ ಬರಬೇಕು. ಅಂದರೆ ಕದ ವರ್ಗದ 16 ಪಾಲು 14,400. ಕದ ವರ್ಗ 900. ಕ ಎಂದರೆ 30. ಸರಿಯಾಗಿ ಒಂದು ಸೆಕೆಂಡು! ಶತ್ರು 90 ಮಾನ ಓಡಿರುತ್ತಾನೆ, ಗುಂಡು 150 ಮಾನ ಹಾರಿರುತ್ತದೆ. 90, 120, 150: ನಮ್ಮ ಹಳೆಯ 3, 4, 5ರ ತ್ರಿಕೋನವೇ. ಫಿರಂಗಿಯ ಬಾಯನ್ನು ಶತ್ರುವಿನ ಕಡೆಗಲ್ಲ, ಅವನಿಗಿಂತ 90 ಮಾನ ಬಲಕ್ಕೆ, ಬರಿದಾದ ಜಾಗಕ್ಕೆ ತಿರುಗಿಸಬೇಕು.

ಶತ್ರು ಓರೆಯಾಗಿ ಓಡಿದರೆ ಸಮೀಕರಣದಲ್ಲಿ ಕದ ಪದವೂ ಬಂದು ಪೂರ್ಣ ವರ್ಗಸಮೀಕರಣವಾಗುತ್ತದೆ. ಎರಡು ಬೆಲೆಗಳು ಬರುತ್ತವೆ. ಋಣಬೆಲೆ ಬಂದರೆ ಅದು ಗುಂಡು ಹಾರಿಸುವುದಕ್ಕಿಂತ ಹಿಂದಿನ ಕಾಲ, ಬಿಟ್ಟುಬಿಡಬೇಕು. ಇನ್ನು ಮೊದಲಿನ ಉದಾಹರಣೆಯಲ್ಲಿಯೇ ಶತ್ರುವಿನ ವೇಗ 6 ಆಗಿದ್ದರೆ? ಕದ ವರ್ಗವೇ ಋಣಸಂಖ್ಯೆಯಾಗಿಬಿಡುತ್ತದೆ. "ಬೆಲೆ ಇಲ್ಲ" ಎಂದು ಬರೆದು ಮಕ್ಕಳು ಮುಂದಿನ ಲೆಕ್ಕಕ್ಕೆ ಹೋಗುತ್ತಾರೆ. ಇಲ್ಲಿ ಅದಕ್ಕೆ ಸ್ಪಷ್ಟವಾದ ಅರ್ಥವಿದೆ: ಎತ್ತ ಹೊಡೆದರೂ ಗುಂಡು ತಾಗದು, ಸುಮ್ಮನಿರು. ಆ ಪರೀಕ್ಷೆಯನ್ನು ಪ್ರೋಗ್ರಾಮಿನಲ್ಲಿ ಬರೆಯದಿದ್ದರೆ ಕಂಪ್ಯೂಟರು ಋಣಸಂಖ್ಯೆಯ ವರ್ಗಮೂಲ ಹುಡುಕಹೊರಟು ಎಡವುತ್ತದೆ.

ಈ ಲೆಕ್ಕ ಆಟಕ್ಕಾಗಿ ಹುಟ್ಟಿದ್ದಲ್ಲ. ಎರಡನೇ ಮಹಾಯುದ್ಧದಲ್ಲಿ ವಿಮಾನವನ್ನು ನೆಲದಿಂದ ಹೊಡೆಯುವ ಸಮಸ್ಯೆ ಇದೇ ಆಗಿತ್ತು. ವಿಮಾನ ಸೆಕೆಂಡಿಗೆ 100 ಮೀಟರ್ ಹಾರುತ್ತಿದ್ದು, ಗುಂಡು ಮೇಲೇರಲು 20 ಸೆಕೆಂಡು ಹಿಡಿದರೆ, 2 ಕಿಲೋಮೀಟರ್ ಮುಂದಕ್ಕೆ ಗುರಿಯಿಡಬೇಕು. ಅಷ್ಟರಲ್ಲಿ ಪೈಲಟ್ ದಿಕ್ಕು ಬದಲಿಸಿದರೆ ಮಾಡಿದ ಲೆಕ್ಕವೆಲ್ಲ ವ್ಯರ್ಥ. ಎಂ.ಐ.ಟಿ.ಯ ಗಣಿತಜ್ಞ ನಾರ್ಬರ್ಟ್ ವೀನರ್, ಇಂಜಿನಿಯರ್ ಜೂಲಿಯನ್ ಬಿಗೆಲೋ ಜತೆಗೂಡಿ, ವಿಮಾನ ಹಿಂದೆ ಸಾಗಿದ ದಾರಿಯಿಂದ ಮುಂದಿನ ದಾರಿಯನ್ನು ಊಹಿಸುವ ಗಣಿತವನ್ನು ಕಟ್ಟಿದರು. ಯಂತ್ರ ಯುದ್ಧಕ್ಕೆ ಒದಗಲಿಲ್ಲ; ಆ ಚಿಂತನೆ 1948ರಲ್ಲಿ 'ಸೈಬರ್ನೆಟಿಕ್ಸ್' ಎಂಬ ಗ್ರಂಥವಾಯಿತು. ಯುದ್ಧ ಮುಗಿದ ಬಳಿಕ ಕ್ಷಿಪಣಿ ಸಂಶೋಧಕನೊಬ್ಬ ವೀನರರ ಯುದ್ಧಕಾಲದ ಪ್ರಬಂಧದ ಪ್ರತಿ ಕೇಳಿದಾಗ ಅವರು ಕೊಡಲು ಒಪ್ಪಲಿಲ್ಲ. ಆ ನಿರಾಕರಣೆಯ ಪತ್ರ 1947ರ ಜನವರಿಯಲ್ಲಿ 'ಅಟ್ಲಾಂಟಿಕ್ ಮಂತ್ಲಿ' ಪತ್ರಿಕೆಯಲ್ಲಿ ಪ್ರಕಟವಾಯಿತು. ಗುರಿ ತಪ್ಪದ ಯಂತ್ರ ಯಾರ ಕೈ ಸೇರುತ್ತದೆಂಬುದೇ ಅವರ ಚಿಂತೆಯಾಗಿತ್ತು.

ಆಟದಲ್ಲಿ ಈ ಚಿಂತೆ ಬೇರೊಂದು ರೂಪದಲ್ಲಿ ಎದುರಾಗುತ್ತದೆ. ನಾವು ಬರೆದ ಪ್ರೋಗ್ರಾಮನ್ನೇ ಶತ್ರುವಿನ ಫಿರಂಗಿಗೂ ಕೊಟ್ಟು ನೋಡಿ. ನೇರ ಓಡುವ ಆಟಗಾರನಿಗೆ ಮೊದಲ ಗುಂಡೇ ತಾಗುತ್ತದೆ. ಹತ್ತು ಸಲ ಸತ್ತ ಹುಡುಗ ಹನ್ನೊಂದನೇ ಸಲ ಆಡಲು ಕೂರುವುದಿಲ್ಲ. ಆದುದರಿಂದ ಆಟ ಬರೆಯುವವನು ಯಂತ್ರಕ್ಕೆ ತಪ್ಪುವುದನ್ನೂ ಕಲಿಸಬೇಕಾಗುತ್ತದೆ. 1979ರ 'ಆಸ್ಟರಾಯ್ಡ್ಸ್' ಆಟದಲ್ಲಿ ದೊಡ್ಡ ಹಾರುವ ತಟ್ಟೆ ಗೊತ್ತುಗುರಿಯಿಲ್ಲದೆ ಹೊಡೆಯುತ್ತಿತ್ತು. ಚಿಕ್ಕದು ಗುರಿಯಿಟ್ಟು ಹೊಡೆಯುತ್ತಿತ್ತು, ಮತ್ತು ಆಟಗಾರನ ಅಂಕ ಏರಿದಂತೆ ಅದರ ಗುರಿಯೂ ಬಿಗಿಯಾಗುತ್ತಿತ್ತು. ಬೆನ್ನಟ್ಟಿ ಬರುವ ಕ್ಷಿಪಣಿಗೂ ಹೀಗೆಯೇ. ಒಂದು ಚಿತ್ರಕ್ಕೆ ಇಂತಿಷ್ಟೇ ಡಿಗ್ರಿ ತಿರುಗಬಹುದೆಂದು ಮಿತಿ ಹಾಕಿದರೆ, ಸಮಯ ನೋಡಿ ತಿರುಗಿದವನು ಪಾರಾಗುತ್ತಾನೆ.

ಸ್ಕ್ರ್ಯಾಚಿನಲ್ಲಿ ಇದು ಸುಲಭ. ಲೆಕ್ಕ ಹಾಕಿದ ದಿಕ್ಕಿಗೆ ಚೀಟಿ ಎತ್ತಿದಂತೆ ಯಾವುದಾದರೊಂದು ಚಿಕ್ಕ ಸಂಖ್ಯೆಯನ್ನು ಕೂಡಿಸಿದರಾಯಿತು. ಆಟಗಾರನ ನೌಕೆಯ ಅಗಲ 20 ಮಾನ, ಗುಂಡು ಗುರಿಯಿಟ್ಟದ್ದು ಅದರ ನಡುವಿಗೆ ಎಂದಿಟ್ಟುಕೊಳ್ಳಿ. 150 ಮಾನ ದೂರದಲ್ಲಿ ದಿಕ್ಕು 5 ಡಿಗ್ರಿ ತಪ್ಪಿದರೆ ಗುಂಡು ಸುಮಾರು 13 ಮಾನ ಪಕ್ಕಕ್ಕೆ ಹೋಗುತ್ತದೆ, ನೌಕೆ ಉಳಿಯುತ್ತದೆ. 2 ಡಿಗ್ರಿಯಷ್ಟೇ ತಪ್ಪಿದರೆ 5 ಮಾನ, ನೌಕೆ ಹೋಯಿತು. ಅದೇ 5 ಡಿಗ್ರಿ 60 ಮಾನ ಹತ್ತಿರದಲ್ಲಾದರೂ ಸುಮಾರು 5 ಮಾನವೇ. ದೂರ ನಿಂತವನು ಬದುಕಿದ, ಧೈರ್ಯ ಮಾಡಿ ಹತ್ತಿರ ಹೋದವನಿಗೆ ಪೆಟ್ಟು ಬಿತ್ತು.